ವಾಚಿನ ಬೆನ್ನ ಮೇಲಿನ ಗೀಟು

ಯಾರಾದರೂ "ಟೈಮ್ ಎಷ್ಟಾಯ್ತು?" ಎಂದು ಕೇಳಿದರೆ ನಾನು ಥಟ್ಟನೆ ಉತ್ತರ ಕೊಡುವವನಲ್ಲ. ಮೊದಲು ಎಡಗೈ ನೋಡುತ್ತೇನೆ, ಆಮೇಲೆ ಜೇಬಿನ ಫೋನು, ಆಮೇಲೆ ಎದುರಿಗೆ ಗೋಡೆಯೇನಾದರೂ ಇದ್ದರೆ ಗೋಡೆ ಗಡಿಯಾರ. ಮೂರೂ ಬೇರೆ ಬೇರೆ ಹೇಳಿದರೆ ಯಾವುದು ಸುಳ್ಳು ಹೇಳುತ್ತಿದೆ ಎಂದು ಯೋಚಿಸುತ್ತೇನೆ. ಮೂರೂ ಒಂದೇ ಹೇಳಿದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಸಾಕ್ಷಿಗಳು ಒಂದಕ್ಷರವೂ ತಪ್ಪದೆ ಒಂದೇ ಮಾತು ಹೇಳಿದರೆ ಎಲ್ಲೋ ಕೂತು ಮಾತಾಡಿಕೊಂಡು ಬಂದಿದ್ದಾರೆ ಎಂದೇ ಅರ್ಥ ತಾನೆ? ಅಷ್ಟು ಹೊತ್ತಿಗೆ ಕೇಳಿದವರು ಬೇರೆ ಯಾರನ್ನೋ ಕೇಳಿಕೊಂಡು ಹೊರಟುಹೋಗಿರುತ್ತಾರೆ.

ಇಂಥವನ ಹತ್ತಿರ ವಾಚುಗಳ ಸಂಗ್ರಹ ಇದೆ ಎಂದರೆ ನೀವು ಆಶ್ಚರ್ಯಪಡಬೇಕಾಗಿಲ್ಲ. ಸಂಗ್ರಹ ಎನ್ನುವುದೂ ದೊಡ್ಡ ಮಾತೇ. ಹಿಂದೆ ಚಕ್ಕುಲಿ ತುಂಬಿಡುತ್ತಿದ್ದ ಒಂದು ಸ್ಟೀಲ್ ಡಬ್ಬಿ, ಅದರ ತಳಕ್ಕೆ ಹಾಸಿದ ಹಳೆಯ ಜೀನ್ಸಿನ ತುಂಡು, ಅದರ ಮೇಲೆ ಮಲಗಿರುವ ಕೆಲವು ವಾಚುಗಳು. ರಾಯದುರ್ಗದಲ್ಲಿ ಬೀದಿಗೊಬ್ಬರು ಜೀನ್ಸ್ ಹೊಲಿಯುತ್ತಾರಾದ್ದರಿಂದ ನಮ್ಮೂರಿನಲ್ಲಿ ಎಲ್ಲದರ ತಳಕ್ಕೂ ಜೀನ್ಸಿನ ತುಂಡೇ. ದಿನಾ ಬೆಳಿಗ್ಗೆ ಕಾಫಿ ಕುಡಿದು, ಒಂದು ಚಿಟಿಕೆ ನಶ್ಯ ಏರಿಸಿ, ಡಬ್ಬಿ ತೆಗೆದು ಕೂರುತ್ತೇನೆ. ಕೀ ಕೊಡುವವಕ್ಕೆ ಕೀ ಕೊಟ್ಟು, ಕಿವಿಗೆ ಹಿಡಿದು, ಒಂದರ ಪಕ್ಕ ಒಂದಿಟ್ಟು ಯಾವುದು ಮುಂದೆ ಓಡಿದೆ, ಯಾವುದು ಹಿಂದೆ ಬಿದ್ದಿದೆ ಎಂದು ನೋಡುತ್ತೇನೆ. ನನ್ನ ಹೆಂಡತಿ ಗೌರಮ್ಮ ಒಲೆಯ ಮುಂದಿನಿಂದಲೇ ಹೇಳುತ್ತಾಳೆ: "ಬ್ಯಾರೆ ಗಂಡಸ್ರು ಬೆಳಿಗ್ಗೆ ಎದ್ದು ದೇವ್ರ ಪೂಜಿ ಮಾಡ್ತಾರ. ನೀವು ನೋಡಿದ್ರ ವಾಚುಗಳ ವಿಚಾರಣೆ ಮಾಡ್ತೀರಿ."

ವಿಚಾರಣೆ ನನಗೆ ರಕ್ತದಲ್ಲಿ ಬಂದದ್ದು, ಕೆಲಸದಲ್ಲಿ ಗಟ್ಟಿಯಾದದ್ದು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆಯುವುದು ನನ್ನ ಕೆಲಸ. ಕಣೇಕಲ್ಲಿನ ಬಸ್ಸು ಇನ್ನೂ ಗೇಟಿನ ಒಳಗೆ ಮೂತಿ ತೂರಿಸುವ ಮೊದಲೇ ಅದರ ಡ್ರೈವರು ಕಿಟಕಿಯಿಂದ "ಕರೆಕ್ಟ್ ಟೈಮ್ ಸಾರ್!" ಎಂದು ಕೂಗುತ್ತಿದ್ದ. ಗುಮ್ಮಘಟ್ಟದ ಕಡೆಯವನು ತಡವಾದಾಗಲೆಲ್ಲ ಕುರಿ ಮಂದೆ ಅಡ್ಡ ಬಂತು ಎನ್ನುತ್ತಿದ್ದ. ಅವನ ಲೆಕ್ಕದ ಪ್ರಕಾರ ಆ ಸೀಮೆಯ ಕುರಿಗಳಿಗೆ ರಸ್ತೆ ದಾಟುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಇಡೀ ಸರ್ವೀಸು ಇನ್ನೊಬ್ಬರು ಹೇಳಿದ ಟೈಮನ್ನು ನಂಬದೆ ಕಳೆದವನು ರಿಟೈರ್ ಆದ ಮಾತ್ರಕ್ಕೆ ನಂಬಲು ಶುರುಮಾಡುತ್ತಾನೆಯೇ?

ರಕ್ತದ ವಿಷಯಕ್ಕೆ ಬಂದರೆ, ಡಬ್ಬಿಯ ಮೊದಲ ವಾಚು ನಮ್ಮಪ್ಪನದು. ಅದರ ಮುಖದ ಮೇಲೆ ಇಂಗ್ಲಿಷಿನಲ್ಲಿ 'ಹದಿನೇಳು ಜ್ಯುವೆಲ್ಸ್' ಎಂದು ಬರೆದಿತ್ತು. ಅದನ್ನು ಯಾರೋ ಓದಿ ಹೇಳಿದ ದಿನದಿಂದ ನಮ್ಮಪ್ಪನ ನಿದ್ದೆ ಕೆಟ್ಟಿತು. ತಾನು ಕೈಗೆ ಕಟ್ಟಿಕೊಂಡು ತಿರುಗುತ್ತಿರುವುದು ಹದಿನೇಳು ವಜ್ರಗಳ ಖಜಾನೆ ಎಂದು ಆತ ನಂಬಿಬಿಟ್ಟ. ವಾಚು ರಿಪೇರಿಗೆ ಬಂದರೆ ಅಂಗಡಿಯಲ್ಲಿ ಬಿಟ್ಟು ಬರುವ ಮಾತೇ ಇಲ್ಲ. ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಹೊಟ್ಟೆ ನೋಡುತ್ತಿದ್ದರೆ, ನಮ್ಮಪ್ಪ ರೆಪ್ಪೆ ಬಡಿಯದೆ ರಿಪೇರಿಯವನ ಬೆರಳು ನೋಡುತ್ತಿದ್ದ. ಆ ಕಾಲದಲ್ಲಿ ಹೀಗೆ ಕಾವಲು ಕೂತವರು ಆತನೊಬ್ಬನೇ ಅಲ್ಲ, ಅಂಗಡಿಯ ಬೆಂಚು ತುಂಬ ಇಂಥವರೇ. ಆಮೇಲೆ ನಾನು ಓದಿ ತಿಳಿದುಕೊಂಡೆ: ಆ ಹರಳುಗಳು ಚಕ್ರದ ಅಚ್ಚು ಸವೆಯದಿರಲಿ ಎಂದು ಕೂರಿಸಿದ ಕೃತಕ ಮಾಣಿಕ್ಯದ ಚೂರುಗಳು, ಕದ್ದರೂ ಒಂದು ಮೂಗುಬೊಟ್ಟಿಗಾಗುವುದಿಲ್ಲ. ಇದನ್ನು ನಮ್ಮಪ್ಪನಿಗೆ ಹೇಳಿದೆ. ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆ ರಿಪೇರಿಯವ ನಿನಗೇನು ಕೊಟ್ಟ?" ಎಂದು ಕೇಳಿದ.

ಅಪ್ಪ ಕಾವಲು ಕೂತ, ನಾನು ಗುರುತು ಹಾಕಿದೆ. ನನ್ನ ಹೆಸರು ತಿಪ್ಪೇಸ್ವಾಮಿ. ಕೈಗೆ ಬಂದ ಪ್ರತಿ ವಾಚಿನ ಬೆನ್ನಿನ ಮೇಲೆ, ಬೆಲ್ಟು ಮುಚ್ಚುವ ಜಾಗದಲ್ಲಿ, ದಬ್ಬಳದ ಮೊನೆಯಿಂದ ಸಣ್ಣದಾಗಿ 'ತಿ' ಎಂದು ಗೀಚುತ್ತೇನೆ. ರಿಪೇರಿಗೆ ಕೊಟ್ಟಾಗ ಬದಲಾಯಿಸಿದರೆ ಸಿಕ್ಕಿಬೀಳಲಿ ಎಂದು. ಇದುವರೆಗೆ ಯಾರೂ ಬದಲಾಯಿಸಿಲ್ಲ. ನನ್ನ ಗುರುತಿನ ವಿಷಯ ಅವರಿಗೆ ಹೇಗೋ ಗೊತ್ತಾಗಿರಬೇಕು.

ವಾಚುಗಳನ್ನು ಕೂಡಿಡುವವರು ಸಾಮಾನ್ಯವಾಗಿ ತಾವೇ ಆರಿಸಿ ಕೂಡಿಟ್ಟೆವು ಎಂದು ಬೀಗುತ್ತಾರೆ. ನನ್ನ ಡಬ್ಬಿಯನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಕೀ ಕೊಡುವ ವಾಚುಗಳಿದ್ದ ಡಬ್ಬಿಗೆ ಶೆಲ್ಲಿನ ವಾಚು ಬಂದದ್ದು ನಾನು ಬಯಸಿಯಲ್ಲ. ಊರೆಲ್ಲ ಕಟ್ಟಿತು, ನಾನೂ ಕಟ್ಟಿದೆ. ಕೀ ಕೊಡದೆ ಓಡುವ ವಾಚನ್ನು ಮೊದಲ ಸಲ ಕಟ್ಟಿಕೊಂಡಾಗ, ಅನ್ನ ಹಾಕದಿದ್ದರೂ ದಪ್ಪಗಾಗುತ್ತಿರುವ ಬೆಕ್ಕನ್ನು ನೋಡಿದಂತಾಗಿತ್ತು. ಆಮೇಲೆ ಅಂಕಿ ಮಿಣುಕುವ ವಾಚು ಬಂತು, ಗಂಟೆಗೊಮ್ಮೆ ಕೀಂಕ್ ಎನ್ನುತ್ತಿತ್ತು. ಸೌದಿಯಿಂದ ಬಂದ ಪರಿಚಯದವರೊಬ್ಬರು ಚಿನ್ನದ ಬಣ್ಣದ್ದೊಂದನ್ನು ಕೊಟ್ಟರು. ಅದು ಅಲ್ಲಿಂದಲೇ ಬಂತೋ ಗುಂತಕಲ್ಲಿನ ಪ್ಲಾಟ್‌ಫಾರಂನಲ್ಲಿ ಕೊಂಡದ್ದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ರಿಟೈರ್ ಆದಾಗ ಜೊತೆಯ ನೌಕರರು ಹಾರ ಹಾಕಿ ಇನ್ನೊಂದು ಕೊಟ್ಟರು. ಇನ್ನು ಟೈಮು ನೋಡುವ ಅಗತ್ಯವೇ ಇಲ್ಲ ಎಂದು ಮನೆಗೆ ಕಳಿಸುವಾಗ ಕೈಗೆ ವಾಚು ಯಾಕೆ ಕೊಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ಕೊನೆಯದು ನನ್ನ ಮಗಳು ಮಂಜುಳಾ ತಂದುಕೊಟ್ಟ ಸ್ಮಾರ್ಟ್ ವಾಚು. ಇಲ್ಲಿಯವರೆಗೆ ನಾನು ವಾಚು ನೋಡುತ್ತಿದ್ದೆ, ಈಗ ವಾಚು ನನ್ನನ್ನು ನೋಡತೊಡಗಿತು. ಕೂತರೆ ಎದ್ದು ನಿಲ್ಲು ಎನ್ನುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನೀನು ಸರಿಯಾಗಿ ನಿದ್ದೆ ಮಾಡಿಲ್ಲ ಎನ್ನುತ್ತದೆ. ಇದನ್ನೆಲ್ಲ ಯಾರಿಗೆ ಹೇಳುತ್ತಿದೆ ಎಂಬುದೇ ನನ್ನ ಪ್ರಶ್ನೆ. ಒಂದು ದಿನ ಪರೀಕ್ಷೆ ಮಾಡಿದೆ. ಕರೆಂಟು ಹೋಗಿತ್ತು. ಕುರ್ಚಿಯಲ್ಲಿ ಕೂತೇ ಬೀಸಣಿಗೆ ಬೀಸಿಕೊಂಡೆ. ಸ್ವಲ್ಪ ಹೊತ್ತಿಗೆ ವಾಚು ಗುಂಯ್ಗುಟ್ಟಿ, ಇವತ್ತು ಬಹಳ ನಡೆದಿದ್ದೀರಿ ಎಂದು ಶಭಾಷ್ ಹೇಳಿತು. ಅವತ್ತೇ ಅದನ್ನು ಡಬ್ಬಿಗೆ ಸೇರಿಸಿದೆ.

ಇಷ್ಟರ ನಡುವೆ ಒಂದು ವಾಚಿನ ಮಾತನ್ನು ನಾನು ಬೇಕೆಂದೇ ತಡಮಾಡಿದ್ದೇನೆ. ಅದು ನನ್ನ ಮದುವೆಯ ವಾಚು. ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ಮಾವನಾದವನು ವಾಚು, ಉಂಗುರ ಕೊಡಬೇಕು. ಉಂಗುರ ಯಾರು ತೊಡಿಸಿದರೂ ನಡೆಯುತ್ತದೆ, ವಾಚನ್ನು ಮಾತ್ರ ಮಾವ ತನ್ನ ಕೈಯಿಂದಲೇ ಅಳಿಯನ ಕೈಗೆ ಕಟ್ಟಬೇಕು. ನನ್ನ ಮಾವ ಬೊಮ್ಮಣ್ಣ ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಮನುಷ್ಯ, ಮಾತು ಬಹಳ ಕಮ್ಮಿ. ಕಂಬಳಿ ಹೊದ್ದುಕೊಂಡೇ ಮಂಟಪಕ್ಕೆ ಬಂದು, ಬಿಳಿ ಮುಖದ ಒಂದು ಕೀ ಕೊಡುವ ವಾಚನ್ನು ನನ್ನ ಕೈಗೆ ಕಟ್ಟಿ, ಮೊಣಕೈ ತನಕ ಒಂದು ಸಲ ಸವರಿ ಹೋದರು. ಮಾರನೆಯ ದಿನವೇ ನಾನು 'ತಿ' ಬರೆಯಲೆಂದು ಬೆಲ್ಟು ಬಿಚ್ಚಿದೆ. ಅಲ್ಲಿ ಆಗಲೇ ಒಂದು ಗೀಟಿತ್ತು! ಒಂದು ನೆಟ್ಟಗಿನ ಗೆರೆ, ಅದರ ತುದಿಗೆ ಕವಲೊಡೆದ ಇನ್ನೊಂದು.

ರಿಪೇರಿಯವರು ತಾವು ಬಿಚ್ಚಿದ ವಾಚಿಗೆ ಹೀಗೇ ಒಂದು ಗೀಟು ಹಾಕುತ್ತಾರೆಂದು ನಮ್ಮಪ್ಪನ ಜೊತೆ ಬೆಂಚಿನ ಮೇಲೆ ಕೂತ ನನಗೆ ಚೆನ್ನಾಗಿ ಗೊತ್ತಿತ್ತು. ಅಂದರೆ ಇದು ಆಗಲೇ ಬಿಚ್ಚಿದ ವಾಚು. ಅಂದರೆ ಸೆಕೆಂಡ್ ಹ್ಯಾಂಡ್. ಯಾರೋ ಬಿಟ್ಟುಹೋದ ವಾಚನ್ನು ತಂದು ನನ್ನ ಕೈಗೆ ಕಟ್ಟಿದ್ದಾರೆ! 'ತಿ' ಬರೆಯುವ ಮನಸ್ಸೇ ಆಗಲಿಲ್ಲ. ಹಾಗೇ ಬೆಲ್ಟು ಮುಚ್ಚಿದೆ. ಗೌರಮ್ಮನನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮಗೆ ಮದುವೆ ಆಗಿಲ್ಲವೆಂದು ಕಾಣುತ್ತದೆ. ತವರಿನ ಉಡುಗೊರೆ ಹಳೆಯದೋ ಹೊಸದೋ ಎಂದು ಹೆಂಡತಿಯನ್ನು ಕೇಳುವ ಧೈರ್ಯ ಯಾವ ಕಂಟ್ರೋಲರಿಗೂ ಇಲ್ಲ. ವಾಚು ಮಾತ್ರ ಚೆನ್ನಾಗಿಯೇ ಓಡಿತು. ನಾನು ಅದನ್ನು ಒಳಗೊಳಗೇ ಅನುಮಾನಿಸುತ್ತ ಅರ್ಧ ಆಯಸ್ಸು ಕಳೆದೆ.

ಈಗ ಮಂಜುಳಾಳ ಮದುವೆ ಬಂತು. ಅವಳಿಗೆ ಮಡಕಶಿರಾದ ಕಡೆ ಒಂದು ಹಳ್ಳಿಯ ಗ್ರಾಮ ಸಚಿವಾಲಯದಲ್ಲಿ ರೇಷ್ಮೆ ಇಲಾಖೆಯ ಕೆಲಸ. ರೈತರ ಹುಳದ ಮನೆಗಳನ್ನು ನೋಡಿ ಬರುವುದು ಅವಳ ಡ್ಯೂಟಿ. ಹಾಗೆ ನೋಡುತ್ತ ನೋಡುತ್ತ ಅಮರಾಪುರದ ಹತ್ತಿರದ ಹನುಮಂತರಾಯ ಎಂಬ ರೈತನನ್ನೂ ನೋಡಿದ್ದಾಳೆ. "ಆಗೋದಾದ್ರ ಇವನ್ನೇ ಆಗ್ತೀನಪ್ಪ" ಎಂದಳು. ಒಬ್ಬಳೇ ಮಗಳು. ವಾಚು ಕೆಟ್ಟದಿದ್ದರೆ ಡಬ್ಬಿಯಲ್ಲಿ ಬಿದ್ದಿರುತ್ತದೆ. ಅಳಿಯ ಕೆಟ್ಟವನಾದರೆ ಏನು ಮಾಡುವುದು? ಬೆನ್ನು ತಿರುಗಿಸಿ ನೋಡಲು ಬರುತ್ತದೆಯೇ? ಸರಿಯಾದ ಕೈಗೆ ಕೊಡುತ್ತಿದ್ದೇನೆಯೇ ಎಂಬ ಒಂದೇ ಚಿಂತೆ ಹಗಲೂ ಇರುಳೂ ಕೊರೆಯತೊಡಗಿತು.

ಮನೆ ನೋಡುವ ಶಾಸ್ತ್ರಕ್ಕೆ ಮೂವರೂ ಹೋದೆವು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಹೆಂಚಿನ ಮನೆ, ಮನೆಯಿಂದ ಸ್ವಲ್ಪ ಆಚೆಗೆ ಉದ್ದನೆಯ ಹುಳದ ಮನೆ. ಹುಡುಗನ ತಾಯಿ ಬಿಸಿ ಒಬ್ಬಟ್ಟು ಬಡಿಸಿದರು. ಎಲ್ಲ ಸರಿಯಾಗಿದೆ ಎನ್ನಿಸಿದಾಗಲೇ ನನಗೆ ಸಂಶಯ ಶುರುವಾಗುವುದು. ಕೈ ತೊಳೆದು, ಒಂದು ಚಿಟಿಕೆ ನಶ್ಯ ಏರಿಸಿ, ಹುಳದ ಮನೆ ಕಡೆ ನಡೆದೆ. ಮನುಷ್ಯನ ನಿಜ ಬಣ್ಣ ಕಾಣುವುದು ಅವನು ಕೆಲಸ ಮಾಡುವ ಜಾಗದಲ್ಲಿ. ಬಾಗಿಲಿಗೆ ಹನುಮಂತರಾಯ ಅಡ್ಡ ನಿಂತ.

"ತಡೀರಿ ಮಾವ, ಒಳಿಕ್ ಬರ್ಬ್ಯಾಡ್ರಿ" ಎಂದ. ಆಮೇಲೆ ಗಾಳಿಯನ್ನು ಮೂಸಿದ. "ನಶ್ಯ ಹಾಕ್ತೀರೇನ್ ಮಾವ? ಹೊಗೇಸೊಪ್ಪು ಹುಳಕ್ ಆಗ್ಬರಲ್ಲ. ವಾಂತಿ ಮಾಡ್ಕಂಡ್ ಸತ್ತೋಗ್ತವೆ."

"ಕೈ ತೊಳಕೊಂಡು ಬರ್ತೀನಪ್ಪ" ಎಂದೆ.

"ಕೈ ತೊಳ್ಕಂಡ್ರೂ ಮೂಗಿನಾಗ್ ಇರ್ತದಲ್ಲ ಮಾವ" ಎಂದ, ಬಹಳ ಮರ್ಯಾದೆಯಿಂದ, ಆದರೆ ಒಂದು ಹೆಜ್ಜೆಯೂ ಸರಿಯದೆ.

ಅನುಮಾನದ ಮನುಷ್ಯ ಏನನ್ನು ಬೇಕಾದರೂ ತಡೆದುಕೊಂಡಾನು, ತನ್ನನ್ನೇ ಒಬ್ಬರು ಅನುಮಾನಿಸಿದರೆ ತಡೆದುಕೊಳ್ಳಲಾರ. ನನಗೆ ಉರಿದುಹೋಯಿತು. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಬಾಗಿಲ ಜಾಲರಿಗೆ ಕಣ್ಣು ಹಚ್ಚಿದೆ. ಒಳಗೆ ಸೊಪ್ಪು ತಿನ್ನುವ ಹುಳಗಳ ಸಣ್ಣ ಸರಬರ ಸದ್ದು. ಹನುಮಂತರಾಯ ಬಾಗಿಲೆಳೆದುಕೊಂಡು ಒಳಗೆ ಹೋಗಿ ಒಂದು ಗೋಡೆಯ ಥರ್ಮಾಮೀಟರ್ ನೋಡಿದ. ಎದುರು ಗೋಡೆಯಲ್ಲಿ ಇನ್ನೊಂದು ಇತ್ತು, ಅದನ್ನೂ ನೋಡಿದ. ಸಮಾಧಾನವಾಗಲಿಲ್ಲವೆಂದು ಕಾಣುತ್ತದೆ, ಹುಳದ ತಟ್ಟೆಯ ಮೇಲೆ ಬರಿಯ ಅಂಗೈ ಹಿಡಿದು ಕಾವು ನೋಡಿದ. ಈ ಆಸಾಮಿ ಯಾರನ್ನೂ ನಂಬುವವನಲ್ಲ ಎಂದು ನನಗೆ ಇನ್ನೂ ಭಯವಾಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಮಗಳಿಗೆ ಹೇಳಿದೆ: "ಮಾವನಾಗೋನನ್ನ ಬಾಗಿಲಾಗ ನಿಲ್ಲಿಸ್ತಾನಲ್ಲವ್ವ ಅವ!"

ಅವಳು ನಕ್ಕಳು. "ನನ್ನೂ ಮೊದ್ಲ ಸಲ ಒಳಗ ಬಿಟ್ಟಿರ್ಲಿಲ್ಲಪ್ಪ. ಇಲಾಖೆಯೋಳು ಅಂದ್ರೂ ಬಿಡ್ಲಿಲ್ಲ. ಮುಖಕ್ಕ ಪೌಡ್ರು ಹಾಕ್ಕೊಂಡು ಹೋಗಿದ್ದೆ. ತೊಳ್ಕಂಡ್ ಬರ್ರಿ ಮೇಡಂ ಅಂದ." ಆಮೇಲೆ ಕಿಟಕಿಯ ಕಡೆ ತಿರುಗಿ, "ಅವತ್ತೇ ನಂಗ ಹಿಡಿಸಿದ" ಎಂದಳು. ಇಂದಿನ ಹುಡುಗಿಯರಿಗೆ ಏನೇನು ಹಿಡಿಸುತ್ತದೋ ಎಂದುಕೊಂಡೆ.

ಮದುವೆಯ ದಿನ ಹತ್ತಿರ ಬಂದಾಗ ವಾಚಿನ ಪ್ರಶ್ನೆ ಎದ್ದಿತು. ಅಳಿಯನ ಕೈಗೆ ನಾನು ಯಾವ ವಾಚು ಕಟ್ಟಬೇಕು? ಅಂಗಡಿಯ ಹೊಸ ವಾಚಿನ ಮೇಲೆ ನನಗೆ ನಂಬಿಕೆಯಿಲ್ಲ. ನಾಲ್ಕು ದಿನ ನನ್ನ ಕಣ್ಣೆದುರು ಓಡದ ವಾಚನ್ನು ಮಗಳ ಗಂಡನಿಗೆ ಹೇಗೆ ಕಟ್ಟಲಿ? ಹಿಂದಿನವರು ಈ ವಿಷಯದಲ್ಲಿ ಪುಣ್ಯವಂತರು. ಅವರಿಗೆ ಗಳಿಗೆ ಬಟ್ಟಲಿತ್ತು. ತಳದಲ್ಲಿ ಸೂಜಿಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಮುಹೂರ್ತ ಹಿಡಿಯಲು ಅದನ್ನೇ ನೆಚ್ಚಿದ್ದರು. ಆದರೆ ಆ ಬಟ್ಟಲಿನ ಪಕ್ಕದಲ್ಲೂ ಒಬ್ಬ ಮನುಷ್ಯನನ್ನು ಕಾವಲು ಕೂರಿಸುತ್ತಿದ್ದರು ಎಂಬುದನ್ನು ಗಮನಿಸಿ. ತೂತಿಗೆ ಅಕ್ಕಿ ಕಾಳು ಸಿಕ್ಕಿಕೊಂಡರೆ? ಯಾರಾದರೂ ಬೆರಳಿಂದ ಒತ್ತಿದರೆ? ಕಾಲವನ್ನು ಅಳೆಯಲು ಕಲಿತ ದಿನವೇ ಮನುಷ್ಯ ಅಳೆಯುವವನನ್ನು ಅನುಮಾನಿಸಲೂ ಕಲಿತ ಎಂದು ನನ್ನ ಊಹೆ. ಹೀಗೆ ಯೋಚಿಸಿ ನನಗೆ ಧೈರ್ಯ ಬಂತೇ ಹೊರತು ವಾಚು ಸಿಗಲಿಲ್ಲ.

ಡಬ್ಬಿಯನ್ನು ಚಾಪೆಯ ಮೇಲೆ ಸುರಿದುಕೊಂಡು ಕೂತೆ. ಗೌರಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಎದುರಿಗೆ ಕೂತಿದ್ದಳು. "ನಮ್ಮಪ್ಪ ಕೊಟ್ಟಿದ್ದು ಕೊಡ್ರಿ. ಅದೇ ಚಂದ ಓಡ್ತದ" ಎಂದಳು.

"ಬ್ಯಾಡ" ಎಂದೆ. ಮದುವೆ ಮನೆಯ ಓಡಾಟದಲ್ಲಿ ಮನಸ್ಸಿನ ಬಿಗಿ ತಪ್ಪಿತ್ತು, ಬಾಯಿ ಜಾರಿತು. "ಅದು ಸೆಕೆಂಡ್ ಹ್ಯಾಂಡ್ ಐತಿ."

ಮೆಣಸಿನಕಾಯಿ ಬಿಡಿಸುವ ಕೈ ನಿಂತಿತು. "ಯಾರಂದ್ರು?"

ಇನ್ನು ಉಳಿಗಾಲವಿಲ್ಲ ಎಂದು ಬೆಲ್ಟು ಬಿಚ್ಚಿ ಗೀಟನ್ನು ತೋರಿಸಿದೆ. ಆ ವಾಚಿನ ಬೆನ್ನನ್ನು ಅವಳು ಅಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಡಬ್ಬಿಯನ್ನು ಯಾರೂ ಮುಟ್ಟಬಾರದೆಂದು ನನ್ನ ಕಟ್ಟಪ್ಪಣೆಯಲ್ಲವೇ? ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದಳು. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ಹೆಬ್ಬೆರಳಿನಿಂದ ಆ ಗೀಟನ್ನು ಸವರಿದಳು. ಅವಳ ಅಪ್ಪ ಮಂಟಪದಲ್ಲಿ ನನ್ನ ಕೈ ಸವರಿದ ಹಾಗೇ.

"ಇದು ರಿಪೇರಿಯವಂದಲ್ರಿ. ನಮ್ಮಪ್ಪನ ಕುರಿ ಗುರುತು" ಎಂದಳು.

ಕುರಿ ಸಾಕುವವರು ತಮ್ಮ ಕುರಿಯ ಕಿವಿಯನ್ನು ಒಂದೊಂದು ಮನೆಯವರು ಒಂದೊಂದು ಥರ ಸೀಳಿ ಗುರುತು ಮಾಡುತ್ತಾರಂತೆ. ಮಂದೆಗಳು ಕಲೆತರೂ ಕಿವಿ ನೋಡಿ ಬೇರೆ ಮಾಡಬಹುದು. ಪೇಟೆಯಲ್ಲಿ ಬೆಳೆದ ನಾನು ಕುರಿಯನ್ನು ಹತ್ತಿರದಿಂದ ನೋಡಿದ್ದು ಹೆಚ್ಚಾಗಿ ತಟ್ಟೆಯಲ್ಲೇ, ಅಲ್ಲಿ ಕಿವಿ ಇರುವುದಿಲ್ಲ. ಒಂದು ನೆಟ್ಟಗಿನ ಸೀಳು, ಅದಕ್ಕೊಂದು ಕವಲು, ಅದು ಬೊಮ್ಮಣ್ಣನ ಮನೆಯ ಗುರುತು. ಹೊಸ ವಾಚು ತಂದ ದಿನ ಕಟ್ಟೆಯ ಮೇಲೆ ಕೂತು, ಕಿವಿ ಸೀಳುವ ಚಾಕುವಿನ ತುದಿಯಿಂದ ಅಪ್ಪ ಏನೋ ಗೀಚುತ್ತಿದ್ದದ್ದನ್ನು ಗೌರಮ್ಮ ಬಾಗಿಲ ಮರೆಯಿಂದ ನೋಡಿದ್ದಳಂತೆ. ಏನೆಂದು ಕೇಳಿರಲಿಲ್ಲ. ಕೇಳದಿರುವ ಚಾಳಿ ನನಗೊಬ್ಬನಿಗೇ ಅಲ್ಲ ಎಂದು ಆಗ ಗೊತ್ತಾಯಿತು.

ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? "ನಾನು ಮಾರಿಕೊಂಡ್ರ ಪತ್ತೆ ಮಾಡಾಕಂತ ಹಾಕಿದ್ರೇನು?" ಎಂದೆ.

"ಮಾರೋ ಕುರಿಗೆ ಅಪ್ಪ ಗುರುತು ಹಾಕ್ತಿದ್ದಿಲ್ಲ" ಎಂದಳು ಗೌರಮ್ಮ, ಕನ್ನಡಕ ತೆಗೆಯುತ್ತ. "ಮನ್ಯಾಗ ಇಟ್ಕೊಳ್ಳೋವಕ್ಕ ಮಾತ್ರ ಹಾಕ್ತಿದ್ದ."

ಮಾತು ಕಮ್ಮಿಯ ಆ ಮುದುಕ ಕಂಬಳಿಯೊಳಗಿಂದ ಕೈ ತೆಗೆದು ನನ್ನ ಕೈಗೆ ಕಟ್ಟಿದ್ದು ಏನೆಂದು ಈಗ ತಿಳಿಯಿತು. ನಶ್ಯದ ಡಬ್ಬಿ ಹುಡುಕುವ ನೆಪ ಮಾಡಿ ಎದ್ದು ಹಿತ್ತಿಲಿಗೆ ಹೋದೆ. ಕಣ್ಣಲ್ಲಿ ನೀರು ಬಂದರೆ ನಶ್ಯದ ಮೇಲೆ ಹಾಕಬಹುದು, ಅದೊಂದು ಅನುಕೂಲ.

ಅವತ್ತು ಸಾಯಂಕಾಲ ದಬ್ಬಳ ತೆಗೆದುಕೊಂಡು ಆ ಗೀಟಿನ ಪಕ್ಕದಲ್ಲಿ 'ತಿ' ಎಂದು ಗೀಚಿದೆ. ನನ್ನ ಆಯಸ್ಸಿನಲ್ಲಿ ಎಷ್ಟೋ ವಾಚಿಗೆ ಗೀಚಿದ್ದೇನೆ, ಇನ್ನೊಬ್ಬರ ಗುರುತಿನ ಪಕ್ಕ ಗೀಚಿದ್ದು ಅದೊಂದೇ ಸಲ.

ರಾಯದುರ್ಗದಲ್ಲೇ ಮದುವೆಯಾಯಿತು. ನಾನು ಮಾವನ ವಾಚಿಗೆ ತುಂಬ ಕೀ ಕೊಟ್ಟು, ಹೊಸ ಬೆಲ್ಟು ಹಾಕಿಸಿ, ಹನುಮಂತರಾಯನ ಮುಂದೆ ನಿಂತೆ. ಅವನು ತಕ್ಷಣ ಕೈ ಚಾಚಲಿಲ್ಲ. ವಾಚನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಸಿಂಗ ಸರಿಸಿ, ಬೆನ್ನು ತಿರುಗಿಸಿ ನೋಡಿದ! ಬೆಲ್ಟನ್ನು ಬೆರಳಿಂದ ಒತ್ತಿ ಗೀಟುಗಳನ್ನೂ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಮಾವ, ಸೆಕೆಂಡ್ ಹ್ಯಾಂಡ್ ಐತೇನು?"

ಅರ್ಧ ಆಯಸ್ಸು ನನ್ನ ಬಾಯಿಗೆ ಬಾರದೆ ಹೋದ ಪ್ರಶ್ನೆಯನ್ನು ಈ ಹುಡುಗ ತಾಳಿ ಕಟ್ಟುವ ಮೊದಲೇ ಕೇಳಿಬಿಟ್ಟಿದ್ದ. ಹುಳದ ಮನೆಯ ಬಾಗಿಲಿನಲ್ಲಿ ಅಡ್ಡ ನಿಂತವನು ಇವನೇ. ಇವನು ತನ್ನ ಮನೆಯೊಳಗಿನದನ್ನು ಹೀಗೇ ಕಾಯುತ್ತಾನೆ. ನನ್ನ ಎದೆಯ ಮೇಲಿನ ಭಾರ ಇಳಿದುಹೋಯಿತು.

"ಹೌದಪ್ಪ. ಮಾರೋದಲ್ಲ ಅದು, ಮನ್ಯಾಗ ಇಟ್ಕೊಳ್ಳೋದು" ಎಂದೆ. "ಕತಿ ಆಮೇಲೆ ಹೇಳ್ತೀನಿ. ಕೈ ಕೊಡು."

ಕೈ ಕೊಟ್ಟ. ಕಟ್ಟಿದೆ. ಮೊಣಕೈ ತನಕ ಒಂದು ಸಲ ಸವರಿದೆ. ಅವನು ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ, ಮುಖ ಹಿಂಡಿದ. ನನ್ನ ಬೆರಳಿನ ನಶ್ಯ ವಾಚಿಗೂ ಹತ್ತಿತ್ತು.

ಮೊನ್ನೆ ಅಮರಾಪುರಕ್ಕೆ ಹೋಗಿದ್ದೆ. ಆ ವಾಚಿಗೆ ಹುಳದ ಮನೆಯೊಳಗೆ ಇನ್ನೂ ಪ್ರವೇಶವಿಲ್ಲ. ಅಳಿಯ ಒಳಗೆ ಹೋಗುವಾಗ ಬಿಚ್ಚಿ ಬಾಗಿಲ ಆಚೆಯ ಮೊಳೆಗೆ ನೇತುಹಾಕುತ್ತಾನೆ, ಹೊರಗೆ ಬಂದಾಗ ಕಟ್ಟಿಕೊಳ್ಳುತ್ತಾನೆ. ನನಗೂ ಪ್ರವೇಶವಿಲ್ಲವಾದ್ದರಿಂದ ನಾವಿಬ್ಬರೂ ಹೊರಗೇ ಉಳಿದೆವು. ಅಕ್ಕಪಕ್ಕ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ವಾಚನ್ನು ತಿರುಗಿಸಿದೆ. ಕವಲೊಡೆದ ಗೀಟು ಇತ್ತು, ನನ್ನ 'ತಿ' ಇತ್ತು. ಅವೆರಡರ ಪಕ್ಕದಲ್ಲಿ, ಇನ್ನೂ ಹೊಳಪು ಮಾಸದ ಮೂರನೆಯ ಗೀಟೊಂದಿತ್ತು. ಅಳಿಯನದೋ ಮಗಳದೋ ಎಂದು ವಿಚಾರಣೆ ಮಾಡಬೇಕೆನ್ನಿಸಲಿಲ್ಲ. ಮತ್ತೆ ಮುಖ ತಿರುಗಿಸಿ ಟೈಮು ನೋಡಿದೆ. ನನ್ನ ಕೈಯಲ್ಲಿದ್ದ ನಮ್ಮಪ್ಪನ ವಾಚಿಗಿಂತ ತುಸು ಹಿಂದೆ ಓಡುತ್ತಿತ್ತು. ನಾನು ಕೀ ಎಳೆದು, ನನ್ನ ಮುಳ್ಳನ್ನೇ ಹಿಂದಕ್ಕೆ ತಿರುಗಿಸಿ, ಅದಕ್ಕೆ ಹೊಂದಿಸಿಕೊಂಡೆ.